ಗದಗಿನ ಹುಡುಗ, ಹುಬ್ಬಳ್ಳಿಯ ರೈಲು

ಮೂವತ್ತು ವರ್ಷಗಳ ಕಾಲ ಇತಿಹಾಸ ಪಾಠ ಮಾಡಿದವನಿಗೆ ಕ್ರಿಕೆಟ್ಟಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಆಟಗಾರನೂ ಅಲ್ಲ, ಆಟದ ಮರ್ಮ ಬಲ್ಲವನೂ ಅಲ್ಲ. ಆದರೆ ನಮ್ಮ ಉತ್ತರ ಕರ್ನಾಟಕದ ಒಬ್ಬ ಆಟಗಾರನ ಕಥೆಯನ್ನು ಇತಿಹಾಸದ ಮೇಷ್ಟರಾಗಿಯೇ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅದಕ್ಕೆ ನನ್ನದೊಂದು ಸ್ವಂತ ಕಾರಣವೂ ಇದೆ; ಕೊನೆಯಲ್ಲಿ ಹೇಳುತ್ತೇನೆ.

ಸುನಿಲ್ ಜೋಶಿ ಹುಟ್ಟಿದ್ದು 1970ರ ಜೂನ್ 6ರಂದು, ಗದಗಿನಲ್ಲಿ. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಗೆ ಸೇರಿತ್ತು. ಕುಮಾರವ್ಯಾಸನ ಊರು, ಹತ್ತಿ ಮಾರುಕಟ್ಟೆಯ ಊರು, ಮುದ್ರಣಾಲಯಗಳ ಊರು. ಆದರೆ ಕ್ರಿಕೆಟ್ಟಿನ ಊರಲ್ಲ. ಆದ್ದರಿಂದ ಈ ಹುಡುಗ ಬೆಳಗಿನ ಜಾವದಲ್ಲೇ ಹುಬ್ಬಳ್ಳಿಗೆ ಹೊರಡುತ್ತಿದ್ದ. ಅಲ್ಲಿ ಅಭ್ಯಾಸ ಮುಗಿಸಿ, ಮತ್ತೆ ಗದಗಿಗೆ ಬಂದು ಶಾಲೆ ಸೇರುತ್ತಿದ್ದ. ಒಂದು ದಿಕ್ಕಿಗೆ ಸುಮಾರು ಅರವತ್ತು ಕಿಲೋಮೀಟರು. ಆ ಮಾರ್ಗದಲ್ಲಿ ಆಗ ಮೀಟರ್‌ಗೇಜ್ ಗಾಡಿಗಳು ಓಡುತ್ತಿದ್ದವು. ನಡುವೆ ಆದಿಕವಿ ಪಂಪನ ಅಣ್ಣಿಗೇರಿ. ಹಿಂದೆ ಇದೇ ಗದಗಿನಿಂದ ಇನ್ನೊಬ್ಬ ಜೋಶಿ, ಬಾಲಕ ಭೀಮಸೇನ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ್ದನ್ನು ನೀವು ಕೇಳಿದ್ದೀರಿ. ಅವರು ಬೇಗ ಹಿಂದಿರುಗಲಿಲ್ಲ. ಈ ಜೋಶಿ ಮಾತ್ರ ದಿನವೂ ಶಾಲೆಯ ಗಂಟೆಗೆ ಹಿಂದಿರುಗಬೇಕಾಗಿತ್ತು! ಯಾವುದು ಕಠಿಣವೋ ನಾನು ಹೇಳಲಾರೆ.

ಎಡಗೈ ಸ್ಪಿನ್ ಬೌಲಿಂಗ್ ಅವರ ಮುಖ್ಯ ವಿದ್ಯೆ. ಕೆಳಗಿನ ಕ್ರಮಾಂಕದಲ್ಲಿ ಬ್ಯಾಟೂ ಚೆನ್ನಾಗಿ ಆಡುತ್ತಿತ್ತು. ಕರ್ನಾಟಕ ತಂಡಕ್ಕೆ ಬಂದದ್ದು 1992-93ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಬೆಂಗಳೂರಿನ ಅನಿಲ್ ಕುಂಬ್ಳೆ ಹತ್ತೊಂಬತ್ತಕ್ಕೇ ಭಾರತದ ಪರ ಟೆಸ್ಟ್ ಆಡಿದ್ದರು ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಕುಂಬ್ಳೆಯವರ ಪ್ರತಿಭೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಪ್ರತಿಭೆಗೂ ಒಂದು ಭೂಗೋಳವಿದೆ. ಲೀಗ್ ಪಂದ್ಯ, ಒಳ್ಳೆಯ ಪಿಚ್ಚು, ನೋಡುವ ಕಣ್ಣು ಎಲ್ಲವೂ ರಾಜಧಾನಿಯಲ್ಲೇ ಇದ್ದ ಕಾಲವದು.

1995-96ರ ರಣಜಿ ಋತುವಿನಲ್ಲಿ ಜೋಶಿ 529 ರನ್ನು ಗಳಿಸಿ 52 ವಿಕೆಟ್ ಉರುಳಿಸಿದರು. ಒಂದೇ ಋತುವಿನಲ್ಲಿ ಐದುನೂರು ರನ್ನು, ಐವತ್ತು ವಿಕೆಟ್ಟು ಎರಡನ್ನೂ ಸಾಧಿಸುವುದು ಬಹು ಅಪರೂಪ. ಆ ವರ್ಷ ಕರ್ನಾಟಕ ರಣಜಿ ಟ್ರೋಫಿಯನ್ನೂ ಗೆದ್ದಿತು. ಇಷ್ಟಾದ ಮೇಲೆ ಯಾರೂ ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ. 1996ರ ಜೂನ್ 6ರಂದು, ತಮ್ಮ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನವೇ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅವರು ಮೊದಲ ಟೆಸ್ಟ್ ಆಡಿದರು. ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಜೋಶಿ: ಹನ್ನೊಂದರಲ್ಲಿ ನಾಲ್ವರು ನಮ್ಮವರು.

ನನಗೆ ಅವರ ಹೆಸರು ಗಟ್ಟಿಯಾಗಿ ನೆನಪಿನಲ್ಲಿ ಉಳಿದದ್ದು 1999ರ ಸೆಪ್ಟೆಂಬರ್ 26ರಿಂದ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಏಕದಿನ ಪಂದ್ಯ. ಜೋಶಿ ಎಸೆದದ್ದು ಹತ್ತು ಓವರು. ಅದರಲ್ಲಿ ಆರು ಮೇಡನ್. ಕೊಟ್ಟದ್ದು ಆರೇ ರನ್ನು, ಪಡೆದದ್ದು ಐದು ವಿಕೆಟ್ಟು. ಗಿಬ್ಸ್, ಕ್ರೋನಿಯೆ, ರೋಡ್ಸ್‌ರಂತಹ ಘಟಾನುಘಟಿಗಳು ಬಲಿಯಾದರು. ಬಲಾಢ್ಯ ತಂಡ 117ಕ್ಕೆ ಕುಸಿಯಿತು. ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟರು ಕರಿಹಲಗೆಯ ಮೇಲೆ 10-6-6-5 ಎಂದು ಬರೆದು, ಇದು ಯಾವ ಸರಣಿ ಹೇಳಿರೆಂದು ಎಲ್ಲರನ್ನೂ ಪೀಡಿಸಿದ್ದರು.

ಮುಂದಿನ ವರ್ಷ, 2000ದ ನವೆಂಬರಿನಲ್ಲಿ, ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟ್. ಬಾಂಗ್ಲಾದವರು ಅನಿರೀಕ್ಷಿತವಾಗಿ 400 ರನ್ನು ಪೇರಿಸಿದರು. ಆ ಮೊದಲ ಇನಿಂಗ್ಸ್‌ನಲ್ಲೇ ಜೋಶಿಗೆ ಐದು ವಿಕೆಟ್. ಭಾರತದ ಸರದಿಯಲ್ಲಿ ಆರು ವಿಕೆಟ್ ಬಿದ್ದಮೇಲೆ ಬಂದು 92 ರನ್ನು ಹೊಡೆದರು. ನಾಯಕನಾಗಿ ತಮ್ಮ ಮೊದಲ ಟೆಸ್ಟ್ ಆಡುತ್ತಿದ್ದ ಗಂಗೂಲಿಯವರನ್ನು ಆ ಮುಜುಗರದಿಂದ ಪಾರುಮಾಡಿದವರಲ್ಲಿ ಮೊದಲಿಗರು ಇವರೇ. ಪಂದ್ಯಶ್ರೇಷ್ಠರೂ ಅವರೇ. ಬಾಲು, ಬ್ಯಾಟು ಎರಡರ ಬೆಲೆಯೂ ಒಂದೇ ಪಂದ್ಯದಲ್ಲಿ ಸಾಬೀತಾಯಿತು.

ಆದರೂ ಅದೇ ತಿಂಗಳ ಕೊನೆಗೆ ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದೇ ಅವರ ಕೊನೆಯ ಟೆಸ್ಟ್ ಆಯಿತು. 2001ರ ಫೆಬ್ರವರಿ-ಮಾರ್ಚಿನಲ್ಲಿ ಹರಭಜನ್ ಸಿಂಗ್ ಆಸ್ಟ್ರೇಲಿಯದ ವಿರುದ್ಧ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಕಿತ್ತರು. ಗಾಯದಿಂದ ಆ ಸರಣಿ ತಪ್ಪಿಸಿಕೊಂಡಿದ್ದ ಕುಂಬ್ಳೆ ಆಮೇಲೆ ಮರಳಿದರು. ಮೂರನೆಯ ಸ್ಪಿನ್ನರನಿಗೆ ಜಾಗವೆಲ್ಲಿ? ಒಟ್ಟು 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್. ಅನ್ಯಾಯವಾಯಿತೆಂದು ನಾನು ಹೇಳುವುದಿಲ್ಲ. ತಡವಾಗಿ ತೆರೆದ ಬಾಗಿಲು ಬೇಗನೆ ಮುಚ್ಚಿತು, ಅಷ್ಟೆ. ಅವರು ಮಾತ್ರ ಮುನಿಸಿಕೊಂಡು ಮನೆಯಲ್ಲಿ ಕೂರದೆ ಇನ್ನೂ ಹತ್ತು ವರ್ಷ ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ ದುಡಿದು, ಒಟ್ಟು ಆರುನೂರಕ್ಕೂ ಹೆಚ್ಚು ವಿಕೆಟ್, ಐದು ಸಾವಿರಕ್ಕೂ ಹೆಚ್ಚು ರನ್ನು ಗಳಿಸಿದರು. ಆಮೇಲೆ ತರಬೇತುದಾರರಾದರು. 2014ರಲ್ಲಿ ಜಮ್ಮು-ಕಾಶ್ಮೀರ ತಂಡ ಮುಂಬಯಿಯನ್ನು ಅದರ ವಾಂಖೇಡೆ ಮೈದಾನದಲ್ಲೇ ಸೋಲಿಸಿದಾಗ ಆ ತಂಡದ ಗುರು ಇವರೇ. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ಇನ್ನು ನನ್ನ ಕಾರಣ. 1989ರಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ನಮ್ಮ ಹುಕ್ಕೇರಿ ಕಡೆಯ ಒಬ್ಬ ಹುಡುಗ ಹತ್ತನೆಯ ವರ್ಗದಲ್ಲಿದ್ದ. ಒಳ್ಳೆಯ ಬೌಲರ್, ಬ್ಯಾಟೂ ಬೀಸುತ್ತಿದ್ದ. ವಾರಕ್ಕೆರಡು ಸಲ ನಸುಕಿನ ಬಸ್ಸಿಗೆ ಬೆಳಗಾವಿಗೆ ಹೋಗಿ ಆಡಿ ಬರುತ್ತಿದ್ದ. ಮೊದಲ ಪಿರಿಯಡ್ಡಿಗೆ ತಡವಾಗುತ್ತಿತ್ತು. "ಬಸ್ ತಡಾ ಆತ್ರಿ ಸರ್" ಎನ್ನುತ್ತಿದ್ದ. ನಾನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಅವನ ತಂದೆಯನ್ನು ಕರೆಸಿ, "ಚೆಂಡು ಹೊಟ್ಟಿ ತುಂಬಸೂದಿಲ್ರಿ, ಬಿಡಸ್ರಿ" ಎಂದೆ. ಬಿಡಿಸಿದರು. ಆಮೇಲೆ ಹುಡುಗ ಒಂದು ದಿನವೂ ತಡಮಾಡಲಿಲ್ಲ. ನನ್ನ ಗೆಲುವೆಂದೇ ಆಗ ತಿಳಿದಿದ್ದೆ.

ಅವನು ಜೋಶಿಯಾಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಗದಗಿನ ಹುಡುಗ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದನೆಂದು ಎಷ್ಟೋ ವರ್ಷಗಳ ಮೇಲೆ ಓದಿದಾಗ ನನಗೆ ಮೊದಲು ಕಂಡದ್ದು ಬಾಗಿಲ ಹೊರಗೆ ನಿಂತ ಆ ಮುಖ. ಈಗ ಹುಬ್ಬಳ್ಳಿಯ ರಾಜನಗರದಲ್ಲಿ, ಬೆಳಗಾವಿಯ ಆಟೋನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. ಹುಕ್ಕೇರಿಯಿಂದ ಬೆಳಗಾವಿಗೆ ಬಸ್ಸು ಹಿಡಿಯುವ ಮಕ್ಕಳು ಇಂದಿಗೂ ಇದ್ದಾರೆ.

ಆ ವರ್ಷದ ಹತ್ತನೆಯ ವರ್ಗದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಯಾರ ಬಗ್ಗೆ ಬರೆದಿದ್ದೇನೆಂದು ನಿಮಗೆ ತಿಳಿದಿರುತ್ತದೆ. ಅವನು ಎಲ್ಲಿದ್ದಾನೆಂದು ದಯವಿಟ್ಟು ನನಗೆ ತಿಳಿಸಿ. ಒಮ್ಮೆ ಹೋಗಿ ಮಾತಾಡಿಸಿ ಬರಬೇಕಾಗಿದೆ.