ಹಸುಗೂಸಿನ ನಂಜು, ಹಿರಿಯರ ಮದ್ದು

ಕನ್ನಡದ ‘ಮದ್ದು’ ಎಂಬ ಶಬ್ದಕ್ಕೆ ಔಷಧವೆಂಬುದು ಒಂದು ಅರ್ಥ. ‘ಮದ್ದಿಕ್ಕಿದರು’ ಎಂದಾಗ ಅದೇ ಶಬ್ದ ವಿಷವನ್ನು ಸೂಚಿಸುತ್ತದೆ. ತರಗತಿಯಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೆ. ಅದರ ತೂಕ ತಿಳಿದದ್ದು ಮಾತ್ರ, ನನ್ನ ಮೊಮ್ಮಗಳು ಎಂಟನೆಯ ತಿಂಗಳಿಗೇ ಹುಟ್ಟಿ, ರಕ್ತಕ್ಕೆ ನಂಜೇರಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ. ವೈದ್ಯರು ದಿನವೂ ಕೂಸನ್ನು ತೂಗಿ, ಹುಟ್ಟಿ ಎಷ್ಟು ದಿನವಾಯಿತೆಂದು ಎಣಿಸಿ, ಚುಚ್ಚುಮದ್ದಿನ ಪ್ರಮಾಣವನ್ನು ಹೊಸದಾಗಿ ಲೆಕ್ಕ ಹಾಕುತ್ತಿದ್ದರು. ಇಷ್ಟೊಂದು ಎಚ್ಚರವೇಕೆಂದು ವಿಚಾರಿಸಹೊರಟ ನನಗೆ ಸಿಕ್ಕಿದ್ದು ಈ ಚರಿತ್ರೆ.

1947ರಲ್ಲಿ ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಕ್ಲೋರಾಂಫೆನಿಕಾಲ್ ದೊರೆಯಿತು. ವಿಷಮಶೀತಜ್ವರವನ್ನು ಗೆದ್ದ ಔಷಧವದು. ನಮ್ಮ ಹಿರಿಯರ ಮನೆಗಳಲ್ಲಿ ಕ್ಲೋರೋಮೈಸೆಟಿನ್ ಎಂಬ ಹೆಸರಿನಿಂದ ಪರಿಚಿತವಾಗಿತ್ತು. 1950ರ ದಶಕದಲ್ಲಿ ಅಮೆರಿಕೆಯ ಆಸ್ಪತ್ರೆಗಳಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ, ನಂಜು ತಗಲೀತೆಂಬ ಭಯದಿಂದಲೇ ಇದನ್ನು ಕೊಡತೊಡಗಿದರು. ಕೆಲವು ಕೂಸುಗಳು ಕೆಲವೇ ದಿನಗಳಲ್ಲಿ ಹೊಟ್ಟೆಯುಬ್ಬಿ, ಬೂದಿಬಣ್ಣಕ್ಕೆ ತಿರುಗಿ, ಮೈ ತಣ್ಣಗಾಗಿ ತೀರಿಕೊಂಡವು. ನಂಜೇ ಕೊಂದಿತೆಂದು ಭಾವಿಸುವುದು ಸಹಜವಾಗಿತ್ತು.

ಲಾಸ್ ಏಂಜಲೀಸ್‌ನಲ್ಲಿ ಬರ್ನ್ಸ್, ಹಾಜ್‌ಮನ್, ಕ್ಯಾಸ್ ಎಂಬ ವೈದ್ಯರು, ನೀರ್ಚೀಲ ಒಡೆದು ಒಂದು ದಿನ ಕಳೆದ ಮೇಲೆ ಹುಟ್ಟಿದ ಇಂಥ ಶಿಶುಗಳನ್ನು ನಾಲ್ಕು ಗುಂಪು ಮಾಡಿ ನೋಡಿದರು. 1959ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: ಯಾವ ಔಷಧವನ್ನೂ ಪಡೆಯದವರಲ್ಲಿ ಸತ್ತವರು ನೂರಕ್ಕೆ 19, ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಪಡೆದವರಲ್ಲಿ 18, ಕ್ಲೋರಾಂಫೆನಿಕಾಲ್ ಪಡೆದವರಲ್ಲಿ 60, ಮೂರನ್ನೂ ಪಡೆದವರಲ್ಲಿ 68. ಸುಮ್ಮನೆ ಬಿಟ್ಟಿದ್ದರೆ ಬದುಕಬಹುದಾಗಿದ್ದ ಕೂಸುಗಳು ಮದ್ದಿನಿಂದಲೇ ಹೋಗಿದ್ದವು. ಈ ಅಂಕಿಗಳನ್ನು ನಾನು ಎರಡು ಸಲ ಓದಿಕೊಂಡೆ.

ಔಷಧದ ಗುಣವೇನೂ ಸುಳ್ಳಲ್ಲ. ಯಕೃತ್ತು ಅದನ್ನು ಮಾರ್ಪಡಿಸಬೇಕು, ಮೂತ್ರಪಿಂಡ ಹೊರಹಾಕಬೇಕು. ದಿನ ತುಂಬದ ಕೂಸಿನಲ್ಲಿ ಅವೆರಡೂ ಬಲಿತಿರುವುದಿಲ್ಲ. ಇಂದಿನ ಮದ್ದು ಕರಗುವ ಮೊದಲೇ ನಾಳೆಯದು ಮೈ ಸೇರುತ್ತದೆ. ಕೂಸೆಂದರೆ ತೂಕದಲ್ಲಿ ಕಿರಿದಾದ ಮನುಷ್ಯನೆಂಬ ಎಣಿಕೆಯೇ ತಪ್ಪು. ಈ ಎಚ್ಚರಿಕೆ ಮೊದಲೇ ಬಂದಿತ್ತೆನ್ನಬೇಕು: 1956ರಲ್ಲೇ ನ್ಯೂಯಾರ್ಕಿನ ಸಿಲ್ವರ್‌ಮನ್ ಮತ್ತು ಸಂಗಡಿಗರು, ಸಲ್ಫಾ ಔಷಧ ಪಡೆದ ಇಂಥ ಕೂಸುಗಳಲ್ಲಿ ಕಾಮಾಲೆ ಮೆದುಳಿಗೇರಿದ್ದನ್ನು ಕಂಡಿದ್ದರು.

ನನ್ನ ಮೊಮ್ಮಗಳಿಗೆ ಕೊಟ್ಟದ್ದು ಆಂಪಿಸಿಲಿನ್ ಮತ್ತು ಜೆಂಟಮೈಸಿನ್. ಎರಡನೆಯದು ಮಿತಿಮೀರಿದರೆ ಮೂತ್ರಪಿಂಡಕ್ಕೂ ಕಿವಿಗೂ ಕೇಡು. ಮನೆಗೆ ಕಳುಹಿಸುವ ದಿನ ದಾದಿ ಅವಳ ಕಿವಿಯನ್ನು ಪರೀಕ್ಷಿಸಿ ತಲೆದೂಗಿದಳು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನಾನು ಎದ್ದು ನಿಂತೆ.