ಅತಿಸಾರಚಿಕಿತ್ಸೆಯೂ ಮೂಷಿಕಪರೀಕ್ಷೆಯೂ

ಆಯುರ್ವೇದಗ್ರಂಥಗಳು ಅತಿಸಾರಕ್ಕೆ ವಿಧಿಸಿರುವ ಮೂಲಿಕೆಗಳನ್ನು ಪ್ರಯೋಗಶಾಲೆಯ ಇಲಿಗಳ ಮೇಲೆ ಪರೀಕ್ಷಿಸುವುದು ಈಗ ವಾಡಿಕೆಯಾಗಿದೆ. ಇದರಿಂದ ಪ್ರಾಚೀನರ ಮತವು ಸಿದ್ಧವಾಯಿತೆಂದಾಗಲಿ ಬಿದ್ದುಹೋಯಿತೆಂದಾಗಲಿ ನಿರ್ಣಯಿಸುವುದಕ್ಕೆ ಮುಂಚೆ, ಅಲ್ಲಿ ಪರೀಕ್ಷೆಗೆ ಒಳಗಾದ ವ್ಯಾಧಿ ಯಾವುದೆಂಬುದನ್ನು ವಿಚಾರಿಸುವುದು ಆವಶ್ಯಕ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 19ನೆಯ ಅಧ್ಯಾಯದಲ್ಲಿ ಅತಿಸಾರವು ಆರು ವಿಧ: ವಾತ, ಪಿತ್ತ, ಕಫಗಳಿಂದ ಒಂದೊಂದು, ಸನ್ನಿಪಾತ, ಭಯ, ಶೋಕಗಳಿಂದ ಒಂದೊಂದು. ಸುಶ್ರುತನೂ ಆರನ್ನೇ ಎಣಿಸುತ್ತಾನೆ. ಆದರೆ ಭಯಜದ ಸ್ಥಾನದಲ್ಲಿ ಆಮಜವನ್ನು ಹೇಳುತ್ತಾನೆ. ಗಣನೆಯಲ್ಲಿ ಈ ಭೇದವಿದ್ದರೂ, ಆಮ ಪಕ್ವಗಳನ್ನು ಮೊದಲು ಗೊತ್ತುಮಾಡಿಕೊಳ್ಳಬೇಕೆಂಬುದರಲ್ಲಿ ಇಬ್ಬರಿಗೂ ಐಕಮತ್ಯವುಂಟು. ಆಮಾವಸ್ಥೆಯಲ್ಲಿ ಮಲವನ್ನು ತಡೆದರೆ ಆಧ್ಮಾನ, ಗ್ರಹಣಿ, ಪಾಂಡು ಮೊದಲಾದ ರೋಗಗಳು ತಲೆದೋರುವುವೆಂದು ಚರಕನು ಎಚ್ಚರಿಸಿ, ದೋಷವು ತಾನಾಗಿ ಹರಿಯುತ್ತಿದ್ದರೆ ಅದನ್ನು ತಡೆಯದೆ ಬಿಡಲು, ಕಷ್ಟದಿಂದ ಹರಿಯುತ್ತಿದ್ದರೆ ಅಳಲೆಕಾಯಿಯನ್ನು ಕೊಟ್ಟು ಅದನ್ನು ಹೊರಡಿಸಲು ಹೇಳುತ್ತಾನೆ. ತಡೆಯುವುದಷ್ಟೇ ಚಿಕಿತ್ಸೆಯಲ್ಲವೆಂಬುದು ಇದರ ತಾತ್ಪರ್ಯ.

ಆಧುನಿಕ ಪರೀಕ್ಷೆಯ ಕ್ರಮವು ಬೇರೆ. ಉಪವಾಸವಿರಿಸಿದ ಇಲಿಗೆ ಮೂಲಿಕೆಯ ಸಾರವನ್ನು ಕುಡಿಸಿ, ಸ್ವಲ್ಪ ಹೊತ್ತಿನ ತರುವಾಯ ಹರಳೆಣ್ಣೆಯನ್ನು ಕೊಟ್ಟು, ನಿಯತಕಾಲದಲ್ಲಿ ಬಿದ್ದ ದ್ರವಮಲವನ್ನು ಎಣಿಸುತ್ತಾರೆ. ಔಷಧವಿಲ್ಲದ ಇಲಿಗಳನ್ನೂ, ಲೋಪೆರಮೈಡ್ ಪಡೆದ ಇಲಿಗಳನ್ನೂ ಹೋಲಿಕೆಗಾಗಿ ಇಟ್ಟುಕೊಳ್ಳುತ್ತಾರೆ. ಬೆಲ್ಜಿಯಂ ದೇಶದ ಯಾನ್ಸೆನ್ ಮತ್ತು ಅವರ ಸಂಗಡಿಗರು 1978ರಲ್ಲಿ ಪ್ರಕಟಿಸಿದ ಲೇಖನವು ಈ ವಿಧಾನದ ಇತಿಹಾಸದಲ್ಲಿ ಮುಖ್ಯವಾದುದು. ಇದ್ದಲಪುಡಿಯನ್ನು ನುಂಗಿಸಿ, ಅದು ಸಣ್ಣಕರುಳಿನಲ್ಲಿ ಎಷ್ಟು ದೂರ ಸಾಗಿತೆಂದು ಅಳೆಯುವುದು ಇನ್ನೊಂದು ಕ್ರಮ. ಎರಡರಲ್ಲಿಯೂ ತಡೆಯುವ ಶಕ್ತಿಯೇ ಪ್ರಧಾನವಾದ ಅಳತೆ.

ಇಲ್ಲಿ ಒಂದು ಅಂಶವು ಗಮನಾರ್ಹ. ಏರಂಡತೈಲವು ಶಾಸ್ತ್ರದಲ್ಲಿ ವಿರೇಚನದ್ರವ್ಯ. ಅದರಿಂದ ಮಿತಿಮೀರಿ ಭೇದಿಯಾದರೆ ಶಾಸ್ತ್ರವು ಅದನ್ನು ವಿರೇಚನದ ಅತಿಯೋಗವೆಂದು ಕರೆಯುವುದೇ ಹೊರತು ಆಮಾತಿಸಾರವೆಂದಲ್ಲ. ಆದುದರಿಂದ ಹರಳೆಣ್ಣೆಯ ಇಲಿಯಲ್ಲಿ ಗೆದ್ದ ಔಷಧವು ಗ್ರಾಹಿಯೆಂದು ಸಿದ್ಧವಾಗಬಹುದು, ಆಮಪಾಚಕವೆಂದು ಸಿದ್ಧವಾಗದು.

ಕುಟಜದ ಕಥೆಯು ಇದಕ್ಕೆ ನಿದರ್ಶನ. ಕನ್ನಡದಲ್ಲಿ ಕೊಡಸಿಗೆಯೆನಿಸಿದ ಈ ಮರದ ತೊಗಟೆಯನ್ನು ಚರಕನು ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಕಫ, ಪಿತ್ತ, ರಕ್ತಗಳನ್ನು ತಡೆದು ಒಣಗಿಸುವ ದ್ರವ್ಯಗಳಲ್ಲಿ ಶ್ರೇಷ್ಠವೆಂದಿದ್ದಾನೆ. 1858ರಲ್ಲಿ ಹೇನ್ಸ್ ಎಂಬವರು ಅದರಿಂದ ಕೊನೆಸೀನ್ ಎಂಬ ಕ್ಷಾರಸತ್ತ್ವವನ್ನು ಬೇರ್ಪಡಿಸಿದರು. 20ನೆಯ ಶತಮಾನದಲ್ಲಿ ಕಲ್ಕತ್ತೆಯ ರಾಮನಾಥ ಚೋಪ್ರಾ ಮೊದಲಾದವರು ಇದರ ಸತ್ತ್ವಗಳನ್ನು ಅಮೀಬಾಜನ್ಯ ರಕ್ತಾತಿಸಾರದ ದೃಷ್ಟಿಯಿಂದ ಪರಿಶೀಲಿಸಿದರು. ಅಮೀಬಾ ಇಲ್ಲದ ಕರುಳಿನಲ್ಲಿ ಈ ಗುಣವು ಗೋಚರವಾಗುವುದೆಂತು?

ಚರಕನ ಭಯಜಾತಿಸಾರದ ಪಕ್ಕದಲ್ಲಿಡಬಹುದಾದ ಒಂದು ಸಂಗತಿಯೂ ಉಂಟು. 1934ರಲ್ಲಿ ಅಮೆರಿಕದ ಕಾಲ್ವಿನ್ ಹಾಲ್ ಅವರು, ಅಪರಿಚಿತವಾದ ಬಯಲಿನಲ್ಲಿ ಬಿಟ್ಟ ಇಲಿಯ ಮಲವಿಸರ್ಜನೆಯನ್ನು ಅದರ ಭಯದ ಅಳತೆಯಾಗಿ ಬಳಸಿದರು. ಅದು ಅತಿಸಾರವಲ್ಲವಾದರೂ, ಮನಸ್ಸಿಗೂ ಕರುಳಿಗೂ ಇರುವ ಸಂಬಂಧವನ್ನು ಮೂಕಪ್ರಾಣಿಯೂ ಸೂಚಿಸಿತು.

ಮೂಷಿಕಪರೀಕ್ಷೆಯು ನಿಷ್ಪ್ರಯೋಜಕವಲ್ಲ, ಪ್ರಮಾಣವನ್ನೂ ಹೋಲಿಕೆಯನ್ನೂ ಕಲಿಸಿದ್ದು ಅದರ ಉಪಕಾರ. ಆದರೆ ಶಾಸ್ತ್ರವು ಆರಾಗಿ ವಿಂಗಡಿಸಿದ್ದನ್ನು ಒಂದೇ ಎಣ್ಣೆಯಿಂದ ಅಳೆದು, ಫಲವನ್ನು ಆರಕ್ಕೂ ಹಂಚುವುದು ಯುಕ್ತವಲ್ಲ. ರೋಗದ ಹೆಸರನ್ನು ಅನುವಾದಿಸುವವರು ಅದರ ಅವಸ್ಥೆಯನ್ನೂ ಅನುವಾದಿಸಬೇಕು.