ಆರೋಗ್ಯ ವಿಮೆ: ಮುಖಪುಟದ ಅಭಯ, ಒಳಪುಟದ ಷರತ್ತು



ತರಗತಿಯಲ್ಲಿ ಕಾಯಿದೆಗಳ ಹೆಸರನ್ನೂ ಇಸವಿಗಳನ್ನೂ ನಿಮ್ಮಿಂದ ಬಾಯಿಪಾಠ ಮಾಡಿಸುತ್ತಿದ್ದುದು ನಿಮಗೆ ನೆನಪಿರಬಹುದು. ಆ ಕಾಯಿದೆ ಯಾರ ಮನೆಯ ಬಾಗಿಲವರೆಗೆ ಬಂತು, ಯಾರ ಬೀದಿಯ ತಿರುವಿನಲ್ಲಿ ನಿಂತುಹೋಯಿತು ಎಂಬುದನ್ನು ಹೇಳಲು ಮಾತ್ರ ಪಠ್ಯಪುಸ್ತಕದಲ್ಲಿ ಜಾಗವಿರುತ್ತಿರಲಿಲ್ಲ. ಈಚೆಗೆ ನಿಮ್ಮಲ್ಲಿ ಹಲವರು ದೂರವಾಣಿ ಮಾಡಿದಾಗ ಕುಶಲ ವಿಚಾರಿಸಿದ ಮೇಲೆ ಒಂದೇ ಪ್ರಶ್ನೆ ಕೇಳುತ್ತೀರಿ: "ಸಾರ್, ಅಪ್ಪನ ಹೆಸರಿನಲ್ಲಿ ಇಷ್ಟು ವರ್ಷ ವಿಮೆಯ ಕಂತು ಕಟ್ಟಿದೆವು. ಆಸ್ಪತ್ರೆಗೆ ಸೇರಿಸಿದಾಗ ಹಣ ಕೊಡುವುದಿಲ್ಲವೆಂದರು. ಇದು ಹೇಗೆ?" ಇದಕ್ಕೆ ಉತ್ತರ ಹುಡುಕಬೇಕಾದರೆ ಸುಮಾರು ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ವಿಮೆಯ ತತ್ತ್ವ ನಮಗೆ ಹೊಸದಲ್ಲ. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬ ಗಾದೆಯಲ್ಲಿಯೇ ಅದು ಅಡಗಿದೆ. ಎಲ್ಲರೂ ಸ್ವಲ್ಪ ಸ್ವಲ್ಪ ಕೂಡಿಡುವುದು, ಕಷ್ಟ ಬಂದವನಿಗೆ ಅದರಿಂದ ಕೊಡುವುದು. ಇದನ್ನು ರಾಷ್ಟ್ರಮಟ್ಟದಲ್ಲಿ ಕಾನೂನಾಗಿ ಮಾಡಿದ ಕೀರ್ತಿ ಜರ್ಮನಿಯ ಬಿಸ್ಮಾರ್ಕನಿಗೆ ಸಲ್ಲುತ್ತದೆ; 1883ರಲ್ಲಿ ಅಲ್ಲಿ ಕಾರ್ಮಿಕರ ಕಾಯಿಲೆ ವಿಮೆಯ ಕಾಯಿದೆ ಅಂಗೀಕಾರವಾಯಿತು. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಚಾಲನೆ ದೊರೆತದ್ದು ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ. ಆ ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ದಾರಿಗಳ ಶೋಧ ಪ್ರಾರಂಭವಾಯಿತು. ಕೈಗಾರಿಕಾ ಕಾರ್ಮಿಕರಿಗಾಗಿ ವಿಮಾ ಯೋಜನೆಯೊಂದನ್ನು ರೂಪಿಸುವ ಹೊಣೆಯನ್ನು ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರಿಗೆ ವಹಿಸಲಾಯಿತು. ಇಡೀ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು.

ಅಡಾರ್ಕರರ ವರದಿ 1944ರಲ್ಲಿ ಬಂದಿತು. ಕಾರ್ಮಿಕರೂ ಮಾಲೀಕರೂ ವಂತಿಗೆ ಕೊಡಬೇಕು, ಅದರಿಂದ ಚಿಕಿತ್ಸೆ ದೊರೆಯಬೇಕು ಎಂಬುದು ಅದರ ಸಾರ. 1946ರಲ್ಲಿ ಬಂದ ಭೋರ್ ಸಮಿತಿಯ ವರದಿ ಇನ್ನೂ ವಿಶಾಲವಾದುದು. ಹಣ ಕೊಡಲಾರನೆಂಬ ಕಾರಣಕ್ಕೆ ಯಾರೊಬ್ಬನಿಗೂ ತಕ್ಕ ಚಿಕಿತ್ಸೆ ತಪ್ಪಬಾರದು ಎಂಬ ತತ್ತ್ವವನ್ನು ಅದು ಎತ್ತಿಹಿಡಿಯಿತು. ಮೊದಲನೆಯದು ವಂತಿಗೆ ಕೊಟ್ಟವನಿಗೆ ಹಕ್ಕು ಎಂದಿತು; ಎರಡನೆಯದು ಮನುಷ್ಯನಾದವನಿಗೆಲ್ಲ ಹಕ್ಕು ಎಂದಿತು. ಸ್ವತಂತ್ರ ಭಾರತದಲ್ಲಿ ಮೊದಲನೆಯದು ಬೇಗನೆ ಕಾನೂನಾಯಿತು. ಎರಡನೆಯದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವು, ಆದರೆ ಭೋರ್ ಬಯಸಿದ ಪ್ರಮಾಣದ ಹಣ ಅವುಗಳಿಗೆ ಎಂದೂ ಒದಗಲಿಲ್ಲ.

1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವೆಲ್ಲ ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆ ಬಂದಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಅದು ಕಾರ್ಯಾರಂಭ ಮಾಡಿತು; ಬೆಂಗಳೂರಿಗೆ 1958ರಲ್ಲಿ ಬಂದಿತು. ರಾಜಾಜಿನಗರ, ಪೀಣ್ಯ ಕಡೆಯ ಕಾರ್ಖಾನೆಗಳಲ್ಲಿ ದುಡಿದ ಎಷ್ಟೋ ಕುಟುಂಬಗಳಿಗೆ ಅದು ಆಸರೆಯಾಗಿದೆ. ಆದರೆ ಅದಕ್ಕೊಂದು ಗೆರೆಯಿತ್ತು. ನಿಗದಿತ ಸಂಬಳಕ್ಕಿಂತ ಹೆಚ್ಚು ಪಡೆಯುವವನು ಅದರ ಹೊರಗೆ. 2017ರ ಜನವರಿಯಲ್ಲಿ ಆ ಮಿತಿಯನ್ನು ತಿಂಗಳಿಗೆ 15,000 ರೂಪಾಯಿಗಳಿಂದ 21,000 ರೂಪಾಯಿಗಳಿಗೆ ಏರಿಸಲಾಯಿತು. ವರ್ಷವಿಡೀ ದುಡಿದು ಒಂದೆರಡು ಸಾವಿರ ಸಂಬಳ ಹೆಚ್ಚಿಸಿಕೊಂಡ ಕಾರ್ಮಿಕ ಗೆರೆ ದಾಟಿದರೆ, ಆ ಆರು ತಿಂಗಳ ವಂತಿಗೆ ಅವಧಿ ಮುಗಿದ ಮೇಲೆ ವಂತಿಗೆಯೂ ನಿಲ್ಲುತ್ತದೆ, ಅದರ ಮೇಲೆ ನಿಂತಿದ್ದ ಚಿಕಿತ್ಸೆಯ ಸೌಲಭ್ಯವೂ ಕಾಲಕ್ರಮದಲ್ಲಿ ಕೈತಪ್ಪುತ್ತದೆ. ಬಡ್ತಿ ಬಂದುದಕ್ಕೆ ಸಿಹಿ ಹಂಚಬೇಕೋ ಚಿಂತಿಸಬೇಕೋ ತಿಳಿಯದ ಸ್ಥಿತಿ ಅದು. ಇನ್ನು ರೈತರು, ಕೃಷಿ ಕೂಲಿಗಳು, ಸಂತೆಯ ವ್ಯಾಪಾರಿಗಳು ಈ ಗೆರೆಯ ಹತ್ತಿರಕ್ಕೂ ಬರಲಿಲ್ಲ.

ಮಧ್ಯಮ ವರ್ಗದವರ ಪಾಲಿಗೆ ಬಾಗಿಲು ತೆರೆದದ್ದು 1986ರಲ್ಲಿ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನಾಲ್ಕು ಸರ್ಕಾರಿ ಕಂಪನಿಗಳು ಉಳಿದಿದ್ದವಷ್ಟೆ. ಅವು ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದವು. ಆ ಹೆಸರು ಎಷ್ಟು ಬಳಕೆಗೆ ಬಂತೆಂದರೆ ಇಂದಿಗೂ ಅನೇಕರು ಯಾವ ಆರೋಗ್ಯ ವಿಮೆಯನ್ನಾದರೂ ಹಾಗೆಯೇ ಕರೆಯುತ್ತಾರೆ. ಹೊಸ ಕಾಲದ ಎಲ್ಲ ಆಶೆಯೂ ಎಲ್ಲ ಆಶಾಭಂಗವೂ ಅದರ ಷರತ್ತುಗಳಲ್ಲಿ ಅಡಗಿದ್ದವು. ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಗಳಿಗೆ ಮೊದಲ ವರ್ಷ ಹಣವಿಲ್ಲ. ಆಸ್ಪತ್ರೆ ಎಂದರೆ ಇಷ್ಟು ಹಾಸಿಗೆಗಳಿರಬೇಕು: ನಗರಗಳಲ್ಲಿ 15, ಸಣ್ಣ ಊರುಗಳಲ್ಲಿ 10.

ಈ ಹಾಸಿಗೆಯ ಲೆಕ್ಕ ನಮ್ಮ ಶಾಲೆಯ ಒಬ್ಬ ಹಿರಿಯ ಸಹೋದ್ಯೋಗಿಗಳನ್ನು ಬಾಧಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಂಬತ್ತರ ದಶಕದ ಮಾತು. ಮಧ್ಯರಾತ್ರಿ ಅವರ ಮಗನಿಗೆ ಅಪೆಂಡಿಕ್ಸ್ ನೋವು ಕಾಣಿಸಿಕೊಂಡಿತು. ಊರಿನಲ್ಲಿದ್ದ ಏಕೈಕ ನರ್ಸಿಂಗ್ ಹೋಮಿನ ವೈದ್ಯರು ಬೆಳಗಾಗುವುದರೊಳಗೆ ಶಸ್ತ್ರಚಿಕಿತ್ಸೆ ಮಾಡಿ ಹುಡುಗನನ್ನು ಉಳಿಸಿದರು. ತಿಂಗಳುಗಳ ಅನಂತರ ವಿಮಾ ಕಚೇರಿಯಿಂದ ಪತ್ರ ಬಂದಿತು. ಆ ನರ್ಸಿಂಗ್ ಹೋಮಿನಲ್ಲಿ ಎಂಟೇ ಹಾಸಿಗೆಗಳಿದ್ದುದರಿಂದ ಅದು ಆಸ್ಪತ್ರೆಯೆಂಬ ವ್ಯಾಖ್ಯೆಗೆ ಒಳಪಡುವುದಿಲ್ಲವಂತೆ. "ನನ್ನ ಮಗನ ಹೊಟ್ಟೆಯನ್ನು ಕೊಯ್ದದ್ದು ಆಸ್ಪತ್ರೆಯಲ್ಲಿ ಅಲ್ಲವಾದರೆ ಎಲ್ಲಿ, ಸಂತೆಮಾಳದಲ್ಲೇ?" ಎಂದು ಅವರು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ. ಮುಖಪುಟದಲ್ಲಿ ಅಭಯವಿತ್ತು, ಒಳಪುಟದಲ್ಲಿ ವ್ಯಾಖ್ಯೆಯಿತ್ತು.

1999ರಲ್ಲಿ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂದು ಖಾಸಗಿ ಕಂಪನಿಗಳಿಗೆ ಮತ್ತೆ ಪ್ರವೇಶ ದೊರೆಯಿತು. 2001ರಲ್ಲಿ ಟಿ.ಪಿ.ಎ. ಎಂಬ ಮಧ್ಯವರ್ತಿ ಸಂಸ್ಥೆಗಳಿಗೆ ನಿಯಮಗಳು ರೂಪುಗೊಂಡವು. ರೋಗಿ ಹಣ ಕೊಡದೆಯೇ ಚಿಕಿತ್ಸೆ ಪಡೆಯುವ ಕ್ಯಾಶ್‌ಲೆಸ್ ಪದ್ಧತಿ ಹರಡಿತು. ಅದೇ 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮೆಡಿಕ್ಲೇಮ್ ಪ್ರಕರಣದಲ್ಲಿ, ಸರ್ಕಾರಿ ವಿಮಾ ಕಂಪನಿಯು ಮನಬಂದಂತೆ ಪಾಲಿಸಿಯ ನವೀಕರಣವನ್ನು ನಿರಾಕರಿಸುವಂತಿಲ್ಲ ಎಂದು ತೀರ್ಪಿತ್ತಿತು. ಈ ತೀರ್ಪಿನ ಮಹತ್ವವನ್ನು ಗಮನಿಸಿರಿ. ಆರೋಗ್ಯವಂತನಾಗಿರುವವರೆಗೆ ಕಂತು ಪಡೆದು, ಕಾಯಿಲೆ ಬಿದ್ದ ಮರುವರ್ಷ ಕೈಬಿಡುವುದಾದರೆ ಅದನ್ನು ವಿಮೆ ಎಂದು ಕರೆಯುವುದಾದರೂ ಹೇಗೆ? ಆದರೂ ಜೀವನಪರ್ಯಂತ ನವೀಕರಣ ಎಂಬುದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರಲು 2013ರವರೆಗೆ ಕಾಯಬೇಕಾಯಿತು. ಈ ನಡುವೆ 2010ರ ಜುಲೈಯಲ್ಲಿ ಆಸ್ಪತ್ರೆಗಳ ದರದ ವಿಷಯದಲ್ಲಿ ಜಗಳವಾಗಿ, ನಾಲ್ಕೂ ಸರ್ಕಾರಿ ಕಂಪನಿಗಳು ಬೆಂಗಳೂರೂ ಸೇರಿದಂತೆ ಮಹಾನಗರಗಳ ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಸೌಲಭ್ಯವನ್ನು ನಿಲ್ಲಿಸಿದವು. ಎರಡು ಆನೆಗಳ ಕಾದಾಟದಲ್ಲಿ ನಜ್ಜುಗುಜ್ಜಾಗುವುದು ಕಾಲಡಿಯ ಹುಲ್ಲು ತಾನೆ?

ಹಳ್ಳಿಗಳ ಕಥೆ ಬೇರೆ ದಾರಿಯಲ್ಲಿ ಸಾಗಿತು. ಅಲ್ಲಿ ನಮ್ಮ ಕರ್ನಾಟಕ ಮುಂದಿತ್ತು. 2003ರ ಜೂನ್‌ನಲ್ಲಿ ಸಹಕಾರ ಇಲಾಖೆಯ ಮೂಲಕ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿ ಅವರ ಚಿಂತನೆ ಅದರ ಹಿಂದಿತ್ತು. ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ರೂಪಾಯಿ ಕೊಟ್ಟ ಸಹಕಾರ ಸಂಘದ ಸದಸ್ಯ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ಎಟುಕುವಂತಾಯಿತು. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಯಶಸ್ವಿನಿ ಕಾರ್ಡಿನ ಮಾತು ಕೇಳಿ ನನಗೆ ಹೆಮ್ಮೆಯೆನಿಸಿದ್ದುಂಟು. ಅದರ ಮಿತಿಯೂ ಬೇಗ ತಿಳಿಯಿತು. ಯೋಜನೆ ಇದ್ದುದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ತಿಂಗಳ ಮಾತ್ರೆಗಳಿಗೆ ಅದರಲ್ಲಿ ಜಾಗವಿರಲಿಲ್ಲ.

ಆಮೇಲೆ ಯೋಜನೆಗಳು ಒಂದರ ಮೇಲೊಂದು ಬಂದವು. 2008ರಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 30,000 ರೂಪಾಯಿಗಳ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. 2010ರಲ್ಲಿ ಗುಲ್ಬರ್ಗ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ. ಅದೇ ವರ್ಷದ ಕೊನೆಯಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿ, ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ರಕ್ಷಣೆ. ಈ ವಿಲೀನಗಳ ಗದ್ದಲದಲ್ಲಿ 2018ರಲ್ಲಿ ಯಶಸ್ವಿನಿ ನಿಂತಿತು; ರೈತರು ಬೇಡಿಕೆಯಿಟ್ಟ ಮೇಲೆ 2022ರ ನವೆಂಬರ್‌ನಲ್ಲಿ ಅದನ್ನು ಮತ್ತೆ ಆರಂಭಿಸಲಾಯಿತು. ಹೆಸರುಗಳು ಬದಲಾದಾಗಲೆಲ್ಲ ಹಳ್ಳಿಯವನು ಹೊಸ ಕಾರ್ಡಿಗಾಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ತುರ್ತು ಸ್ಥಿತಿಯ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೆಂಬ ನಿಯಮವೂ ಬಂದಿತು. ನಿಯಮಕ್ಕೆ ಕಾರಣವಿಲ್ಲದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿಯೇ ಆಗುವ ಚಿಕಿತ್ಸೆಗೆ ಖಾಸಗಿಯವರಿಗೆ ಏಕೆ ಹಣ ಕೊಡಬೇಕು ಎಂಬುದು ನ್ಯಾಯವಾದ ಮಾತೇ. ಆದರೆ ಆ ಪತ್ರಕ್ಕೆ ಜಿಲ್ಲಾ ಕೇಂದ್ರಕ್ಕೆ ಎರಡು ಬಾರಿ ಅಲೆಯುವ ಕೂಲಿಯವನಿಗೆ ಎರಡು ದಿನದ ಕೂಲಿ ಹೋಯಿತೆಂಬುದೂ ಅಷ್ಟೇ ನಿಜ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಈಗ ನಿಮ್ಮ ಪ್ರಶ್ನೆಗೆ ಮರಳುತ್ತೇನೆ. ಕ್ಲೇಮು ಪೂರ್ಣವಾಗಿ ತಿರಸ್ಕೃತವಾಗದಿದ್ದರೂ ಹಣ ಹೇಗೆ ಸೋರುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. 2022ರಲ್ಲಿ ನನಗೇ ಆದ ಅನುಭವದಿಂದ ಕಲಿತ ಲೆಕ್ಕವಿದು. ಅಂಕಿಗಳನ್ನು ಮಾತ್ರ ಸುಲಭಗೊಳಿಸಿದ್ದೇನೆ. ಪಾಲಿಸಿ ಮೂರು ಲಕ್ಷದ್ದು. ಕೋಣೆಯ ಬಾಡಿಗೆ ದಿನಕ್ಕೆ ಅದರ ಶೇಕಡ ಒಂದನ್ನು, ಅಂದರೆ 3,000 ರೂಪಾಯಿಗಳನ್ನು ಮೀರಬಾರದೆಂಬ ಷರತ್ತು. ಆ ದಿನ ಖಾಲಿಯಿದ್ದ ಕೋಣೆಯ ಬಾಡಿಗೆ 5,000. ನಾಲ್ಕು ದಿನಕ್ಕೆ ಹೆಚ್ಚಾದದ್ದು 8,000 ತಾನೆ, ನಾವೇ ಕೊಟ್ಟರಾಯಿತು ಎಂದು ಯಾರಾದರೂ ಭಾವಿಸುತ್ತಾರೆ. ಹಾಗಲ್ಲ. ಅರ್ಹತೆ ಐದರಲ್ಲಿ ಮೂರು ಪಾಲಾದ್ದರಿಂದ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿ, ಶುಶ್ರೂಷೆ ಮುಂತಾದವುಗಳ 1,20,000 ರೂಪಾಯಿಗಳಲ್ಲಿಯೂ ಐದರಲ್ಲಿ ಮೂರು ಪಾಲು, ಅಂದರೆ 72,000 ಮಾತ್ರ ದೊರೆಯುತ್ತದೆ. ಕೋಣೆಗೆ 20,000ದಲ್ಲಿ 12,000. ಔಷಧಗಳ 40,000 ಪೂರ್ತಿ. ಕೈಗವಸು, ಹತ್ತಿ ಮೊದಲಾದ 6,000ಕ್ಕೆ ಏನೂ ಇಲ್ಲ. ಒಟ್ಟು ಬಿಲ್ಲು 1,86,000, ಬಂದದ್ದು 1,24,000, ಕೈಯಿಂದ ಹೋದದ್ದು 62,000. ಬಿಲ್ಲಿನ ಮೂರನೆಯ ಒಂದು ಭಾಗ! ಕಾಯಿಲೆಯಿಂದಲ್ಲ, ಕೋಣೆಯಿಂದ.

ಸುಧಾರಣೆಯೇ ಆಗಿಲ್ಲವೆಂದರೆ ಅನ್ಯಾಯವಾದೀತು. 2011ರಿಂದ ಒಂದು ಕಂಪನಿಯಿಂದ ಇನ್ನೊಂದಕ್ಕೆ, ಕಾದ ವರ್ಷಗಳ ಲಾಭವನ್ನು ಕಳೆದುಕೊಳ್ಳದೆ ಹೋಗಬಹುದಾಯಿತು. 2024ರಲ್ಲಿ ಪ್ರಾಧಿಕಾರವು ಹಲವು ನಿಯಮಗಳನ್ನು ಬದಲಿಸಿತು. ಮೊದಲೇ ಇದ್ದ ಕಾಯಿಲೆಗೆ ಕಾಯಿಸಬಹುದಾದ ಗರಿಷ್ಠ ಅವಧಿ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಯಿತು. ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, "ನೀವು ಅಂದು ಇದನ್ನು ಹೇಳಿರಲಿಲ್ಲ" ಎಂದು ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಅನುಮತಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. 65 ದಾಟಿದವರಿಗೂ ಹೊಸ ಪಾಲಿಸಿ ಕೊಳ್ಳಲು ದಾರಿಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ನೋಡದೆ, ಆಯುಷ್ಮಾನ್ ಯೋಜನೆಯನ್ನು ಕೇಂದ್ರ ಸರ್ಕಾರ ವಿಸ್ತರಿಸಿತು. 2025ರ ಜನವರಿಯಲ್ಲಿ, ಹಿರಿಯರ ಕಂತನ್ನು ಪ್ರಾಧಿಕಾರದೊಡನೆ ಸಮಾಲೋಚಿಸದೆ ವರ್ಷಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚು ಏರಿಸಬಾರದೆಂಬ ಆದೇಶ ಬಂದಿತು. ಅದೇ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇಕಡ 18ರ ಜಿ.ಎಸ್.ಟಿ. ತೆರವಾಯಿತು.

ಇವೆಲ್ಲವೂ ಸ್ವಾಗತಾರ್ಹ. ಆದರೆ ಇತಿಹಾಸದ ಮೇಷ್ಟ್ರಾಗಿ ನನ್ನ ಕಣ್ಣಿಗೆ ಬೀಳುವುದು ಇವುಗಳ ನಡುವಿನ ಅಂತರ. ಕಾಯಿಲೆ ಬಿದ್ದವನನ್ನು ಕೈಬಿಡಬಾರದೆಂಬ ಸರಳ ನ್ಯಾಯ, 1986ರಲ್ಲಿ ಪಾಲಿಸಿ ಕೊಂಡವನ ಕೈಗೆ ನಿಯಮವಾಗಿ ಬರಲು ಇಪ್ಪತ್ತೇಳು ವರ್ಷ ಹಿಡಿಯಿತು. ಆ ಇಪ್ಪತ್ತೇಳು ವರ್ಷಗಳಲ್ಲಿ ಮುದುಕರಾದವರಿಗೆ ಈಗಿನ ನಿಯಮದಿಂದ ಏನು ಪ್ರಯೋಜನ? ಪ್ರತಿಯೊಂದು ಸುಧಾರಣೆಯ ಹಿಂದೆಯೂ ಪತ್ರ ಬರೆದು, ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿ, ಸಾಲ ಮಾಡಿ ಬಿಲ್ಲು ತೀರಿಸಿದ ಅನಾಮಧೇಯರಿದ್ದಾರೆ. ಸರ್ಕಾರದ ಆರೋಗ್ಯ ಲೆಕ್ಕದಂತೆ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಜೇಬಿನಿಂದ ಕೊಟ್ಟದ್ದು ಶೇಕಡ 64.2, 2021-22ರಲ್ಲಿ ಅದು 39.4ಕ್ಕೆ ಇಳಿಯಿತು. ಇಳಿದಿದೆ, ನಿಜ. ಆದರೂ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತೊಂಬತ್ತು ಇನ್ನೂ ಮನೆಯ ಡಬ್ಬಿಯಿಂದಲೇ ಹೋಗಿದೆ.

ಕೊನೆಯಲ್ಲಿ ಮೇಷ್ಟ್ರ ಹಳೆಯ ಚಾಳಿಯಂತೆ ಸ್ವಲ್ಪ ಮನೆಗೆಲಸ ಕೊಡುತ್ತೇನೆ. ನಿಮ್ಮ ತಂದೆತಾಯಿಯರ ಪಾಲಿಸಿಯನ್ನು ಈ ಭಾನುವಾರ ತೆಗೆದು, ಕೋಣೆಯ ಬಾಡಿಗೆಯ ಮಿತಿ, ಕಾಯುವ ಅವಧಿ, ಸಹಪಾವತಿ ಈ ಮೂರರ ಕೆಳಗೆ ಗೆರೆ ಎಳೆಯಿರಿ. ಕಂಪನಿಯಿಂದ ದೊರೆಯುವ ಗುಂಪು ವಿಮೆ ಸಾಮಾನ್ಯವಾಗಿ ನೌಕರಿಯೊಡನೆಯೇ ಹೋಗುವುದರಿಂದ ನಿಮ್ಮದೇ ಒಂದು ಪಾಲಿಸಿ ಇರಲಿ. ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟರು ಬೇಡವೆಂದರೂ ಬರೆಯಿರಿ. ತಿರಸ್ಕಾರದ ಪತ್ರ ಬಂದರೆ ಅದೇ ಕೊನೆಯ ಮಾತೆಂದು ತಿಳಿಯಬೇಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ನ್ಯಾಯ ದೊರೆಯದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಒಂದು ವರ್ಷದೊಳಗೆ ಬರೆಯಬೇಕು.

ಇನ್ನು ದೊಡ್ಡ ಪ್ರಶ್ನೆಯೊಂದು ಉಳಿದೇ ಇದೆ. ಚಿಕಿತ್ಸೆಯು ಕಂತು ಕಟ್ಟಿದವನ ಹಕ್ಕೋ, ಮನುಷ್ಯನಾದವನ ಹಕ್ಕೋ ಎಂದು 1940ರ ದಶಕದಲ್ಲಿ ಎರಡು ವರದಿಗಳು ನಮ್ಮ ಮುಂದಿಟ್ಟ ಪ್ರಶ್ನೆ ಅದು. ಅದಕ್ಕೆ ಉತ್ತರ ಬರೆಯುವ ಕೆಲಸ ನನ್ನ ತಲೆಮಾರಿನಿಂದ ಪೂರ್ತಿಯಾಗಲಿಲ್ಲ. ನಿಮ್ಮಲ್ಲಿ ವೈದ್ಯರಿದ್ದೀರಿ, ವಿಮಾ ಕಚೇರಿಯಲ್ಲಿರುವವರಿದ್ದೀರಿ, ಸರ್ಕಾರದಲ್ಲಿರುವವರೂ ಇದ್ದೀರಿ. ಮೇಜಿನ ಆಚೆ ಬದಿಯಲ್ಲಿ ಕಡತ ಹಿಡಿದು ನಿಂತ ಮುದುಕರನ್ನು ಕಂಡಾಗ, ಒಳಪುಟದ ಷರತ್ತನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಒಮ್ಮೆ ಓದಿ ಹೇಳಿ. ಅಷ್ಟು ಮಾಡಿದರೂ ನಾನು ಪಾಠ ಹೇಳಿದ್ದು ಸಾರ್ಥಕ.

ಎಲ್ಲರಿಗೂ ಆಯುರಾರೋಗ್ಯಗಳನ್ನು ಹಾರೈಸುತ್ತಾ,
ನಿಮ್ಮ ಮೇಷ್ಟ್ರು